ಕುರಿ ಮೆಚ್ಚಿದ ಮಿಕ್ಸಿಂಗ್

ಕರೋಶಿಯ ಉಜ್ವಲಾಳ ಮನೆಯಿಂದ ಹೊರಬೀಳುವ ಪ್ರತಿ ಹಾಡಿಗೂ ಎರಡು ಅವತಾರ. ಒಂದು ಅವಳು ಮಾಡಿದ್ದು, ಇನ್ನೊಂದು ಅವಳ ಗಂಡ ಮಾಳೇಶ ಮಾಡಿದ್ದು. ಹಾಡಿದವರು ಅವರೇ, ಡೊಳ್ಳು ಅದೇ, ಮೈಕೂ ಅದೇ. ಗಂಡ ಹೆಂಡಿರ ಕಿವಿ ಮಾತ್ರ ಕೂಡಿಬರಲಿಲ್ಲ. ಲಗ್ನಕ್ಕೆ ಮುಂಚೆ ಗುಣ ಕೂಡಿಸಿ ನೋಡುತ್ತಾರೆ, ಕಿವಿ ಕೂಡಿಸಿ ನೋಡುವ ಪದ್ಧತಿ ನಮ್ಮಲ್ಲಿ ಇಲ್ಲವಲ್ಲ.

ಮಾಳೇಶ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಹೊಡೆಯುವವನು. ಅವನ ಪ್ರಕಾರ ಹಾಡು ಅಂದರೆ ಟ್ರ್ಯಾಕ್ಟರಿನ ಸೌಂಡ್ ಬಾಕ್ಸಿನಿಂದ ಹೊರಟು ಎದೆಗೆ ಗುದ್ದಬೇಕು. ದನಿಯ ಹಿಂದೆ ಎಕೋ ಇರಬೇಕು. ಹಾಡುವವನು ಒಂದು ಸಲ ದೇವರ ಹೆಸರು ತೆಗೆದರೆ ನಾಲ್ಕು ಸಲ ಕೇಳಬೇಕು, ಪುಣ್ಯವೂ ನಾಲ್ಕು ಪಟ್ಟು. ಉಜ್ವಲಾಗೆ ಇದು ಆಗಿಬರದು. ಅವಳಿಗೆ ಮಾತು ತಿಳಿಯಬೇಕು, ಡೊಳ್ಳು ಡೊಳ್ಳಿನ ಜಾಗದಲ್ಲಿರಬೇಕು, ಹಾಡುವ ಮನುಷ್ಯ ಎದುರಿಗೆ ಕೂತ ಹಾಗೆ ಅನ್ನಿಸಬೇಕು. ಹೀಗಾಗಿ ರಾಯಬಾಗದ ಡೊಳ್ಳಿನ ಮೇಳ ಬರಲಿ, ಅಥಣಿಯ ಭಜನಿ ಮಂದಿ ಬರಲಿ, ಹೋಗುವಾಗ ಎರಡು ಹಾಡು ಒಯ್ಯುತ್ತಾರೆ. ಒಂದರ ಹೆಸರು ಟ್ರ್ಯಾಕ್ಟರ್ ಮಿಕ್ಸಿಂಗ್, ಇನ್ನೊಂದರದು ಮನಿ ಮಿಕ್ಸಿಂಗ್. ಇದ್ದ ಒಂದು ಹೆಡ್‌ಫೋನಿನಲ್ಲಿ ಒಂದು ಕಿವಿ ಅವಳಿಗೆ, ಒಂದು ಕಿವಿ ಅವನಿಗೆ.

ಉಜ್ವಲಾಳ ತವರು ನಿಪ್ಪಾಣಿ ಹತ್ತಿರದ ಒಂದು ಹಳ್ಳಿ. ಮನೆಯಲ್ಲಿ ಕನ್ನಡ, ಅಂಗಳದಲ್ಲಿ ಮರಾಠಿ. ಅಣ್ಣ ಬಾಳು ಲಗ್ನಗಳಲ್ಲಿ ಬಾರಿಸುವ ಬೆಂಜೋ ಪಾರ್ಟಿಯೊಂದರ ಮಿಕ್ಸರ್ ನೋಡಿಕೊಳ್ಳುತ್ತಿದ್ದ. ವರಾತದ ಮೆರವಣಿಗೆಯಲ್ಲಿ ಉಳಿದ ಹುಡುಗಿಯರು ಕುಣಿಯುವವರನ್ನು ನೋಡುತ್ತಿದ್ದರೆ ಇವಳು ಅಣ್ಣನ ಬೆರಳು ಯಾವ ಗುಂಡಿ ತಿರುಗಿಸುತ್ತದೆ ಎಂದು ನೋಡುತ್ತಿದ್ದಳು. ಕುರಿ ಸಾಕುವ ಮನೆಗೆ ಸೊಸೆಯಾಗಿ ಹೊರಟಾಗ ಬಾಳು ತನ್ನ ಪಾರ್ಟಿಯವರು ಮೂಲೆಗೆ ಎಸೆದಿದ್ದ ಒಂದು ಮೈಕು, ಒಂದು ಹೆಡ್‌ಫೋನು ಕೊಟ್ಟ. ಹೆಡ್‌ಫೋನಿನ ಮೆತ್ತೆ ಕಿತ್ತುಹೋಗಿತ್ತು, ಅದಕ್ಕೆ ಹಳೆ ಕುಪ್ಪಸದ ಬಟ್ಟೆ ಹೊಲಿದಳು. ಉಸಿರಿನ ಗಾಳಿ ಮೈಕಿಗೆ ಬಡಿಯದಿರಲಿ ಎಂದು ಅತ್ತೆಯ ಹಳೆ ಸಾಣಿಗೆಗೆ ತೆಳ್ಳನೆಯ ಸೀರೆ ತುಂಡು ಕಟ್ಟಿ ಅಡ್ಡ ಇಟ್ಟಳು. ಕಂಪ್ಯೂಟರು ಚಿಕ್ಕೋಡಿಯ ಒಂದು ಝೆರಾಕ್ಸ್ ಅಂಗಡಿಯವರು ಬಿಸಾಡಿದ್ದು, ಚಾಲೂ ಆಗಬೇಕಾದರೆ ಒಂದು ಚಹಾ ಕುದಿಯುವಷ್ಟು ಹೊತ್ತು ಬೇಕು. ಯಾರಾದರೂ ಮೂಗು ಮುರಿದರೆ ಉಜ್ವಲಾ ನಗುತ್ತಾಳೆ. ಕುಣಿಯಲಾರದವರು ನೆಲ ಡೊಂಕು ಅಂದರಂತೆ. ನೆಲ ಡೊಂಕೇ ಇದೆ, ಆದರೂ ಅವಳು ಕುಣಿಯುತ್ತಾಳೆ.

ಆದರೆ ಈ ಎಲ್ಲದಕ್ಕೂ ಮೊದಲು ಅವಳಿಗೊಂದು ಕೋಣೆ ಬೇಕಿತ್ತು, ಆ ಕೋಣೆ ಕೊಟ್ಟವನು ಮಾವ ಅಣ್ಣಾಸಾಬ. ಸೊಸೆ ಬಾಗಿಲು ಹಾಕಿಕೊಂಡು ತನ್ನೊಳಗೆ ತಾನೇ ಮಾತಾಡುತ್ತಾಳೆ ಎಂದು ಓಣಿಯ ಹೆಂಗಸರು ನಕ್ಕಿದ್ದರು. ಸುದ್ದಿ ಕೇಳಿ ಅಣ್ಣಾಸಾಬ ಒಂದು ಬೆಳಿಗ್ಗೆ ಒಳಗೆ ಬಂದ. ಬಯ್ಯಲು ಬಂದನೋ ನೋಡಲು ಬಂದನೋ ಅವಳಿಗೆ ತಿಳಿಯಲಿಲ್ಲ. ಹೆದರಿ ಹೆಡ್‌ಫೋನ್ ಕೊಟ್ಟಳು. ಅವನು ರುಮಾಲು ತೆಗೆದಿಟ್ಟು ಅದನ್ನು ಹಾಕಿಕೊಂಡ. ಮೈಕು ಕಿಟಕಿಯ ಕಡೆ ತಿರುಗಿತ್ತು. ಅಂಗಳದಲ್ಲಿ ಮರಿಯೊಂದು ತೊಗರಿ ಹೊಟ್ಟು ಅಗಿಯುವುದು ಅವನಿಗೆ ಹಲ್ಲು ಹಲ್ಲಿನ ಸಮೇತ ಕೇಳಿಸಿತು.

"ಇಷ್ಟ ದಿನಾ ನಾ ಕಿವುಡ ಇದ್ನೇನವಾ?" ಅಂದ ಅಣ್ಣಾಸಾಬ.

ಅವತ್ತೇ ಉಣ್ಣೆ, ಹಿಂಡಿ ಇಡುತ್ತಿದ್ದ ಕೋಣೆ ಖಾಲಿಯಾಯಿತು. ಗೋಡೆಗೆ ದನಿ ಬಡಿದು ತಿರುಗಿ ಬರುತ್ತದೆ ಎಂದು ಅವಳು ಹೇಳಿದ್ದಕ್ಕೆ ಹೆಗಲ ಮೇಲಿನದೊಂದು ಬಿಟ್ಟು ಮನೆಯಲ್ಲಿದ್ದ ಏಳು ಕಂಬಳಿ ತಂದು ತಾನೇ ನಾಲ್ಕೂ ಗೋಡೆಗೆ ಮೊಳೆ ಹೊಡೆದ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ, ಈ ಮಾವ ತನ್ನ ಹಾಸಿಗೆಯನ್ನೇ ಗೋಡೆಗೆ ಹಾಸಿ ಕೊಟ್ಟ. ಆ ಉಪಕಾರವನ್ನು ಉಜ್ವಲಾ ಒಂದು ದಿನವೂ ಮರೆತವಳಲ್ಲ.

ಅಂಥ ಅಣ್ಣಾಸಾಬನ ಗಂಟಲಲ್ಲಿ ಗಂಟು ಬೆಳೆಯಿತು. ತಂಬಾಕಿನ ಸೀಮೆ, ಚಟ ಹಳೆಯದು. ಬೆಳಗಾವಿಯ ಡಾಕ್ಟರು ಅಡ್ಡಗೋಡೆ ಮೇಲೆ ದೀಪ ಇಡಲಿಲ್ಲ, ನೇರವಾಗಿಯೇ ಹೇಳಿದರು. ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಇನ್ನು ಮುಂದೆ ಉಸಿರೂ ಕೊರಳಿನ ತೂತಿನಿಂದಲೇ.

ಮನೆಗೆ ಬಂದವಳೇ ಉಜ್ವಲಾ ಮಾವನನ್ನು ಕಂಬಳಿ ಕೋಣೆಯಲ್ಲಿ ಕೂಡಿಸಿ ಮೈಕು ಮುಂದಿಟ್ಟಳು. ಇದ್ದ ದನಿಯನ್ನಾದರೂ ಹಿಡಿದಿಡಬೇಕಿತ್ತು.

"ಏನರ ಮಾತಾಡ್ರಿ ಮಾವಾ. ಮನ್ಯಾಗಿನ ಮಂದಿಗಿ ಏನ ಹೇಳಬೇಕಂತೀರಿ, ಹೇಳ್ರಿ."

"ಮನಿ ಮಂದಿಗಿ ಹೇಳೂದು ಹೇಳೇನಿ. ಕುರಿಗಿ ಹೇಳೂದೈತಿ."

"ಹಂಗಾರ ಕುರಿ ಕರೀರಿ."

ಅಣ್ಣಾಸಾಬ ಕಂಬಳಿ ಗೋಡೆ ನೋಡಿದ, ಸಾಣಿಗೆ ನೋಡಿದ, ತಲೆ ಅಲ್ಲಾಡಿಸಿದ. "ಇಲ್ಲೆ ಕುರಿ ಎಲ್ಲದಾವ? ಕುರಿ ಇಲ್ಲದಲ್ಲೆ ಕರೀಬಾರದವಾ. ಸುಳ್ಳ ಕರದ್ರ ದನಿ ಸುಳ್ಳ ಆಗ್ತೈತಿ. ನಾಳೆ ಖರೇ ಕರದಾಗ ಬರಂಗಿಲ್ಲ."

ಕುರಿಗಾರರ ನೇಮ ಅದು. ನಲವತ್ತು ವರ್ಷದಲ್ಲಿ ಅಣ್ಣಾಸಾಬ ಒಮ್ಮೆಯೂ ತಮಾಷೆಗೆಂದು ಕುರಿ ಕರೆದವನಲ್ಲ. ಉಜ್ವಲಾ ವಾದ ಮಾಡಲಿಲ್ಲ. ಅಂಗಿಗೆ ಸಿಕ್ಕಿಸುವ ಚಿಕ್ಕದೊಂದು ಮೈಕು ಅವಳ ಹತ್ತಿರ ಇತ್ತು, ಬಟಾಣಿ ಕಾಳಿನಷ್ಟು. ಅದನ್ನು ಅವನ ಕಂಬಳಿಯ ಅಂಚಿಗೆ ಸಿಕ್ಕಿಸಿ, ಎಪ್ಪತ್ತು ಕುರಿಯ ಹಿಂದೆ ದಿನವಿಡೀ ತಾನೂ ಅಡ್ಡಾಡಿದಳು. ಹೊರಡುವಾಗ ಒಂದು ಕರೆ, ನೀರಿಗೆ ಇಳಿಸುವಾಗ ಒಂದು, ಸಂಜೆ ಮನೆ ಕಡೆ ತಿರುಗಿಸುವಾಗ ಒಂದು. ಮೂರೂ ಸಿಕ್ಕವು. ಜೊತೆಗೆ ಗಾಳಿ, ಗಂಟೆ, ನಾಯಿ, ಕಬ್ಬಿನ ಟ್ರ್ಯಾಕ್ಟರಿನ ಗದ್ದಲವೂ ಸಿಕ್ಕಿತು. ಮಾವ ದವಾಖಾನೆಯಲ್ಲಿದ್ದ ದಿನಗಳಲ್ಲಿ ಉಜ್ವಲಾ ಆ ರೆಕಾರ್ಡಿಂಗನ್ನು ತಾಮ್ರದ ತಂಬಿಗೆ ಬೆಳಗಿದ ಹಾಗೆ ಬೆಳಗಿದಳು. ಕಡೆಗೆ ಗಾಳಿ ಇಲ್ಲ, ಗದ್ದಲ ಇಲ್ಲ, ಬರೀ ಮಾವನ ದನಿ. ಕಂಪ್ಯೂಟರಿನಲ್ಲಿ ಜಾಗ ಸಾಲದೆ ಮೂಲ ರೆಕಾರ್ಡಿಂಗ್ ಅಳಿಸಿಹಾಕಿದಳು. ಹೊಲಸು ಯಾರಿಗೆ ಬೇಕು?

ಅಣ್ಣಾಸಾಬ ಮನೆಗೆ ಬಂದ. ಕೊರಳಿಗೆ ಬಿಳಿ ಟವೆಲ್ ಸುತ್ತಿಕೊಂಡು ಕುರಿ ದೊಡ್ಡಿಯ ಬದಿಗೆ ಕೂತ. ಕುರಿಗಳು ಅವನ ಸುತ್ತ ಬಂದು ಮೂಸಿದವು. ಅವನು ಬಾಯಿ ತೆರೆದ, ಏನೂ ಬರಲಿಲ್ಲ. ಎರಡು ದಿನವಾದ ಮೇಲೆ ದೊಡ್ಡಿಗೆ ಬೆನ್ನು ಮಾಡಿ ಕೂರತೊಡಗಿದ.

ಹಿಂಡು ಕಾಯುವುದು ಅತ್ತೆ ಸಾವಿತ್ರೆವ್ವನ ಪಾಲಿಗೆ ಬಂತು. ಅವಳ ಕಷ್ಟ ಬೇರೆ. ವರ್ಷಾನುಗಟ್ಟಲೆ ಅವಳು ದನಿ ತೆಗೆದದ್ದು ಹಿಂಡಿ ಹಾಕುವಾಗ ಮಾತ್ರ. ಅವಳು ಅಡವಿಯಲ್ಲಿ ಬಾಯಿ ತೆರೆದರೆ ಕುರಿಗಳು ಊಟದ ಹೊತ್ತಾಯಿತೆಂದು ಮನೆಯ ಕಡೆ ಓಡುತ್ತಿದ್ದವು. ಮಾಳೇಶ ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ, ಡೀಸೆಲ್ ವಾಸನೆಯ ಮನುಷ್ಯ ಅವಕ್ಕೆ ನೆಂಟನೂ ಅಲ್ಲ, ಒಡೆಯನೂ ಅಲ್ಲ. ಒಂದು ದಿನ ಅರ್ಧ ಹಿಂಡು ಕಬ್ಬಿನ ರಸ್ತೆಗೆ ಅಡ್ಡ ನಿಂತಿತು. ಬರುತ್ತಿದ್ದ ಟ್ರ್ಯಾಕ್ಟರಿನ ಗಾಲಿಯಿಂದ ಎರಡು ಮರಿ ಗೇಣಿನಷ್ಟರಲ್ಲಿ ಉಳಿದವು.

ಅವತ್ತು ಸಾವಿತ್ರೆವ್ವ ಕೊಕಟನೂರಿನ ತಮ್ಮ ಶಿವಾಜಿಗೆ ಫೋನ್ ಮಾಡಿಸಿದಳು. ಅಮಾವಾಸ್ಯೆ ಕಳೆದ ಮೇಲೆ ಬಂದು ಹಿಂಡು ಹೊಡೆದುಕೊಂಡು ಹೋಗುತ್ತೇನೆ ಎಂದ ಶಿವಾಜಿ. ಫೋನ್ ಇಟ್ಟು ಸಾವಿತ್ರೆವ್ವ ಒಲೆಯ ಮುಂದೆ ಕೂತು ಸೊಸೆಗೆ ಮೆಲ್ಲಗೆ ಹೇಳಿದಳು.

"ಕುರಿ ಹ್ವಾದ್ರ ಮುದುಕಾನೂ ಉಳಿಯಂಗಿಲ್ಲ ಬೇ. ನನಗ ಗೊತ್ತೈತಿ."

ಉಜ್ವಲಾಗೂ ಗೊತ್ತಿತ್ತು. ಅಮಾವಾಸ್ಯೆಗೆ ಎಂಟು ದಿನ ಇತ್ತು. ತನ್ನ ಹತ್ತಿರ ಮಾವನ ದನಿ ಇದೆ, ಮಾಳೇಶನ ಹತ್ತಿರ ಹೆಗಲಿಗೆ ಹಾಕುವ ಸ್ಪೀಕರ್ ಇದೆ. ಕುರಿಗೆ ಬೇಕಾದದ್ದು ದನಿ ತಾನೆ?

ವಿಷಯ ಕೇಳಿದ ಕೂಡಲೇ ಮಾಳೇಶ ಎದೆಯುಬ್ಬಿಸಿದ. "ಬಯಲಾಗ ನಿನ್ನ ಮನಿ ಮಿಕ್ಸಿಂಗ್ ಕೇಳಸಂಗಿಲ್ಲ. ಮೊದಲ ನಂದು ಹಚ್ಚೂಣು." ತಂದೆಯ ಕರೆಗೆ ಅವನು ಬೇಸ್ ಏರಿಸಿದ್ದ, ಎಕೋ ಸುರಿದಿದ್ದ. ದರ್ಗಾದ ಮಾಳದಲ್ಲಿ ಮೇಯುತ್ತಿದ್ದ ಹಿಂಡಿನ ಮುಂದೆ ಗುಂಡಿ ಒತ್ತಿದ. ಅಣ್ಣಾಸಾಬನ ದನಿ ಮುಗಿಲಿನಿಂದ ಇಳಿದ ಹಾಗೆ ಇಳಿಯಿತು, ಅದರ ಹಿಂದೆ ಇನ್ನೊಬ್ಬ ಅಣ್ಣಾಸಾಬ, ಅವನ ಹಿಂದೆ ಮತ್ತೊಬ್ಬ. ಕರೆ ಯಾವ ದಿಕ್ಕಿನಿಂದ ಬಂತೆಂದು ತಿಳಿಯದೆ ಎಪ್ಪತ್ತು ಕುರಿಗಳು ನಿಂತಲ್ಲೇ ಗಿರಗಿರ ತಿರುಗಿದವು. ನಾಯಿ ಸ್ಪೀಕರಿಗೆ ಬೊಗಳಿತು. ಎಲ್ಲವನ್ನೂ ಒಟ್ಟು ಮಾಡುವಷ್ಟರಲ್ಲಿ ಸಾವಿತ್ರೆವ್ವನ ಬಾಯಿಂದ ಬಂದ ಬೈಗುಳ ಬರೆಯುವಂಥದ್ದಲ್ಲ.

ಮರುದಿನ ಉಜ್ವಲಾಳ ಸರದಿ. ಒಳಗೊಳಗೆ ಅವಳಿಗೆ ಗೆಲುವು ಸಿಕ್ಕಿಯೇ ಬಿಟ್ಟಿತ್ತು. ತಿಳಿನೀರಿನಂಥ ದನಿ ಹೊರಟಿತು: "ಹಾ... ಬಾರs, ಬಾ ಬಾ, ಹೋಯ್!" ಕುರಿಗಳು ಮೇಯುತ್ತಲೇ ಇದ್ದವು. ಹಿಂಡಿನ ಮುಂದಾಳು, ಕರಿಬೋಳಿ ಎಂಬ ಕೋಡಿಲ್ಲದ ಮುದಿ ಕುರಿ, ಒಂದು ಸಲ ಕಿವಿ ಅಲ್ಲಾಡಿಸಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಕೋಣನ ಮುಂದೆ ಕಿನ್ನರಿ ಎಂದು ಗಾದೆ ಕಟ್ಟಿದವರು ಕುರಿಯ ಮುಂದೆ ಬಾರಿಸಿ ನೋಡಿರಲಿಲ್ಲ. ಕೋಣ ಸುಮ್ಮನೆ ನಿಲ್ಲುತ್ತದೆ, ಕುರಿ ನಿಮ್ಮನ್ನು ನೋಡಿ ಬೇಸರಪಟ್ಟು ಹೋಗುತ್ತದೆ.

"ಸಾಕ ಮಾಡ್ರಿ," ಅಂದಳು ಸಾವಿತ್ರೆವ್ವ. "ಎರಡ ಸಲ ಸುಳ್ಳ ಕರದೀರಿ. ಇನ್ನೊಂದ ಸಲ ಆತಂದ್ರ ಈ ದನೀನ ನಂಬಂಗಿಲ್ಲ ಅವು."

ಉಜ್ವಲಾ ಮನೆಗೆ ಬಂದು ಕಂಬಳಿ ಕೋಣೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಳು. ಸಂಜೆಯ ಹೊತ್ತಿಗೆ ಸಾವಿತ್ರೆವ್ವ ಚಹಾ ತಂದಳು. ಸೊಸೆಯ ಮುಖ ನೋಡಿ ಕರಗಿದಳೋ ಏನೋ, "ಏನ ಹಚ್ಚಿದ್ದಿ, ನನಗೂ ಕೇಳಸು" ಅಂದಳು. ಈ ಮನೆಯಲ್ಲಿ ಇಷ್ಟು ವರ್ಷವಾಗಿ ಅವಳು ಹೆಡ್‌ಫೋನ್ ಹಾಕಿಕೊಂಡದ್ದು ಅದೇ ಮೊದಲು. ಕಣ್ಣು ಮುಚ್ಚಿ ಕೇಳಿದಳು. ಗಂಡನ ದನಿ ಕಿವಿಗೆ ಬಿದ್ದದ್ದೇ ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡಳು. ಆಮೇಲೆ ಹುಬ್ಬು ಗಂಟಿಕ್ಕಿದಳು.

"ದನಿ ಇವರದs ಐತಿ. ತುಟಿ ಬಾರಸೂದು ಎಲ್ಲೈತಿ?"

"ತುಟಿ ಬಾರಸೂದಂದ್ರ?"

ಸಾವಿತ್ರೆವ್ವ ತುಟಿ ಕೂಡಿಸಿ ಮೆತ್ತಗೆ ಉಸಿರು ಬಿಟ್ಟಳು. ಬುರ್ರ್ರ್ ಎಂದು ತುಟಿ ಅದುರಿದವು. "ಮೊದಲ ಹಿಂಗ ಬಾರಸ್ತಾರ. ಆವಾಗ ಕುರಿ ತಲಿ ಎತ್ತತಾವ. ಆಮ್ಯಾಲ ಕರೀತಾರ. ಬಾಗಲಾ ಬಡೀದs ಒಳಗ ಹೊಕ್ರ ಯಾರು ಮಾತಾಡಸ್ತಾರ?"

ತಾನು ಮಾಡಿದ್ದು ಏನೆಂದು ಉಜ್ವಲಾಗೆ ಆಗ ತಿಳಿಯಿತು. ಗದ್ದಲ ತೆಗೆಯುವ ಸಾಫ್ಟ್‌ವೇರಿಗೆ ಮೊದಲು ಒಂದು ತುಣುಕು ಕೊಟ್ಟು, ನೋಡಪ್ಪಾ, ಇದೇ ಗದ್ದಲ, ಇಂಥದ್ದು ಎಲ್ಲಿ ಕಂಡರೂ ಅಳಿಸು ಎಂದು ತೋರಿಸಿಕೊಡಬೇಕು. ಅವಳು ತೋರಿಸಿಕೊಟ್ಟದ್ದು ಪ್ರತಿ ಕರೆಗೆ ಮುಂಚಿನ ಎರಡು ಸೆಕೆಂಡು. ಅಲ್ಲಿ ಮಾತಿರಲಿಲ್ಲ, ಬುಸುಗುಡುವ ಏನೋ ಇತ್ತು, ಗಾಳಿ ಎಂದುಕೊಂಡಿದ್ದಳು. ಗಾಳಿಯ ಜೊತೆ ಅಲ್ಲಿದ್ದದ್ದು ಮಾವನ ತುಟಿ. ಅದನ್ನೇ ಗದ್ದಲವೆಂದು ತೋರಿಸಿ, ರೆಕಾರ್ಡಿಂಗಿನ ತುಂಬ ಹುಡುಕಿ ಹುಡುಕಿ ಅಳಿಸಿದ್ದಳು. ಮೂಲವನ್ನೂ ಅಳಿಸಿದ್ದಳು. ಮಾವ ಈಗ ತುಟಿ ಬಾರಿಸಲಾರ, ಉಸಿರು ಬಾಯಿಗೆ ಬರುವುದೇ ಇಲ್ಲ. ಲೋಕದಲ್ಲಿ ಆ ಸದ್ದು ಇನ್ನೆಲ್ಲೂ ಇಲ್ಲ, ಅದನ್ನು ಇಲ್ಲದಂತೆ ಮಾಡಿದವಳು ತಾನು.

ಮಾಳೇಶ ಕೆಲಸದಿಂದ ಬಂದಾಗ ಅವಳು ಅಳುತ್ತಾ ಎಲ್ಲವನ್ನೂ ಹೇಳಿದಳು. ಬಯ್ಯಲಿ ಎಂದೇ ಕಾದಳು. ಅವನು ತಲೆ ಕೆರೆದುಕೊಂಡ.

"ಏ ಉಜ್ಜಿ, ಮೂಲದ್ದು ನನ್ನ ಫೋನಿನ್ಯಾಗ ಐತಿ."

"ಯಾಕ ಐತಿ?"

"ನೀ ಎಲ್ಲಾ ತೊಳದ ಬಿಡ್ತಿ ಅಂತ ನನಗ ಗೊತ್ತಿಲ್ಲೇನು? ನನ್ನ ಮಿಕ್ಸಿಂಗಿಗಿ ಬೇಕಂತ ಮೊದಲs ತಗೊಂಡ ಇಟ್ಟಿದ್ನಿ. ನಿನ್ನ ಕೈಗಿ ಸಿಕ್ಕ ಮ್ಯಾಲ ಏನ ಉಳೀತೈತಿ?"

ಮದುವೆಯಾದಂದಿನಿಂದ ಗಂಡನ ಕಿವಿ ತನ್ನ ಕಿವಿಯಂತೆ ಇಲ್ಲವಲ್ಲ ಎಂದು ದೇವರಿಗೆ ದೂರು ಹೇಳಿದವಳು ಅವತ್ತು ಅದೇ ದೇವರಿಗೆ ಕೈ ಮುಗಿದಳು. ಇಬ್ಬರ ರುಚಿಯೂ ಒಂದೇ ಆಗಿದ್ದರೆ ಇಬ್ಬರೂ ಕೂಡಿಯೇ ಅಳಿಸುತ್ತಿದ್ದರು. ಮಾಳೇಶ ತನ್ನ ಎಕೋದ ಬಗ್ಗೆ ಏನೋ ಹೇಳಲು ಬಾಯಿ ತೆರೆದ, ಅವಳು ಅವನ ಕೈ ಹಿಡಿದುಕೊಂಡು ಸುಮ್ಮನಾಗಿಸಿದಳು. ಮೂಲ ರೆಕಾರ್ಡಿಂಗಿಗೆ ಈ ಸಲ ಯಾರೂ ಏನೂ ಮಾಡಲಿಲ್ಲ. ಉಜ್ವಲಾ ಮೂರು ಕರೆಗಳನ್ನು ಬೇರೆ ಬೇರೆ ಕತ್ತರಿಸಿ, ತುಟಿಯ ಸದ್ದಿನಿಂದ ಶುರುವಾಗುವ ಹಾಗೆ ಇಟ್ಟಳು, ಅಷ್ಟೇ.

ಮೂರನೆಯ ಸಲವೇ ಕೊನೆಯ ಸಲ. ಅದಕ್ಕೇ ಅವಳು ಸ್ಪೀಕರನ್ನು ತಾನು ಹೊರಲಿಲ್ಲ. ಬೆನ್ನು ಮಾಡಿ ಕೂತಿದ್ದ ಮಾವನ ಮುಂದೆ ಹೋಗಿ ಕೂತು, ಫೋನಿನ ಗುಂಡಿ ಯಾವುದು ಎಂದು ತೋರಿಸಿದಳು.

"ಮಾವಾ, ಇದು ನಿಮ್ಮ ದನಿ ಐತ್ರಿ. ನಾವು ಕರದ್ರ ಸುಳ್ಳಾಗ್ತೈತಿ. ನೀವs ಕರೀರಿ."

ಅಣ್ಣಾಸಾಬ ಎದ್ದು ಕಂಬಳಿ ಹೆಗಲಿಗೆ ಹಾಕಿ, ಸ್ಪೀಕರನ್ನು ಅದರೊಳಗೆ ಎದೆಯ ಹತ್ತಿರ ಇಟ್ಟುಕೊಂಡ.

ಕುರಿಗಳು ರಸ್ತೆಯ ಆಚೆ, ಕಬ್ಬು ಕಡಿದ ಹೊಲದಲ್ಲಿ ಉಳಿದ ಸೋಗೆ ರವದಿ ಮೇಯುತ್ತಿದ್ದವು. ಹೊತ್ತು ಇಳಿದಿತ್ತು. ರಸ್ತೆಯ ಎರಡೂ ಕಡೆ ಟ್ರ್ಯಾಕ್ಟರು ನಿಲ್ಲಿಸಲು ಮಾಳೇಶ ಕೈ ಅಡ್ಡ ಹಿಡಿದು ನಿಂತ. ಅಣ್ಣಾಸಾಬ ಬದುವಿನ ಮೇಲೆ ನಿಂತು, ತಾನು ಯಾವಾಗಲೂ ನಿಲ್ಲುವ ಹಾಗೆ ಕೋಲು ಊರಿ, ಗುಂಡಿ ಒತ್ತಿದ.

ಬುರ್ರ್ರ್.

ಎಪ್ಪತ್ತು ತಲೆಗಳು ಮೇಲೆದ್ದವು. "ಹಾ... ಬಾರs, ಬಾ ಬಾ, ಹೋಯ್!" ದನಿಯಲ್ಲಿ ಗಾಳಿ ಇತ್ತು, ಗಂಟೆ ಇತ್ತು, ಅವಳ ಕಿವಿಗೆ ಮುಳ್ಳಿನಂತಿದ್ದ ಗದ್ದಲವೆಲ್ಲ ಇತ್ತು. ಕರಿಬೋಳಿ ತಿರುಗಿತು. ಅದರ ಹಿಂದೆ ಇಡೀ ಹಿಂಡು ತಿರುಗಿತು. ಒಂದೂ ಅಡ್ಡ ಹೋಗದೆ, ನಿಂತ ಟ್ರ್ಯಾಕ್ಟರುಗಳ ನಡುವೆ ರಸ್ತೆ ದಾಟಿ, ಬದು ಹತ್ತಿ, ಅಣ್ಣಾಸಾಬನ ಮೊಣಕಾಲಿಗೆ ಬಂದು ಒತ್ತಿಕೊಂಡವು. ಅವನು ಕರಿಬೋಳಿಯ ನೆತ್ತಿಯ ಮೇಲೆ ಕೈ ಇಟ್ಟ. ಅವನ ಭುಜ ಅಲುಗಾಡುತ್ತಿತ್ತು. ದನಿ ಇಲ್ಲದ ಮನುಷ್ಯ ಅಳುವುದನ್ನು ಉಜ್ವಲಾ ಅವತ್ತೇ ನೋಡಿದ್ದು. ಅವಳೂ ಅತ್ತಳು, ಹೊಟ್ಟೆ ತುಂಬ ಅತ್ತಳು. ನಿಂತ ಟ್ರ್ಯಾಕ್ಟರಿನವನೊಬ್ಬ ಹಾರ್ನ್ ಹೊಡೆದಿದ್ದಕ್ಕೆ ಹಿಂಡಿನ ಹಿಂದೆ ಬಂದ ಸಾವಿತ್ರೆವ್ವ ಕೋಲು ಎತ್ತಿದಳು.

ಅಮಾವಾಸ್ಯೆ ಕಳೆದು ಶಿವಾಜಿ ಬಂದ. ಹೋಳಿಗೆ ಉಂಡ, ಭಾವನ ಕುರಿ ರಸ್ತೆ ದಾಟುವುದನ್ನು ನೋಡಿದ, ಬರಿಗೈಲಿ ಕೊಕಟನೂರಿಗೆ ಬಸ್ಸು ಹತ್ತಿದ.

ಈಗಲೂ ಆ ಮನೆಯಲ್ಲಿ ಪ್ರತಿ ಹಾಡಿಗೂ ಎರಡು ಮಿಕ್ಸಿಂಗ್. ಜಗಳ ನಿಂತಿಲ್ಲ, ನಿಲ್ಲುವುದೂ ಬೇಡ. ಬದಲಾದದ್ದು ಇಷ್ಟೇ: ಯಾವುದನ್ನಾದರೂ ಗದ್ದಲವೆಂದು ತೆಗೆಯುವ ಮೊದಲು ಉಜ್ವಲಾ ಹಾಡಿದವರನ್ನು ಕರೆದು, ಇದು ಬೇಕೇನ್ರಿ, ಬ್ಯಾಡೇನ್ರಿ ಎಂದು ಕೇಳುತ್ತಾಳೆ.

ಹೋಳಿ ಹುಣ್ಣಿಮೆಯ ಹೊತ್ತಿಗೆ ಮರಿಗಳ ಕಿವಿಗೆ ಗುರುತು ಹಾಕುವ ದಿನ ಬಂತು. ಕುರಿಗಾರರ ಮನೆಯಲ್ಲಿ ಯಾವ ಕುರಿ ಯಾರದ್ದು ಎಂದು ಹೇಳುವುದು ಕಿವಿಯ ಅಂಚಿನ ಆ ಕತ್ತರಿ ಗುರುತು. ಈ ಮನೆಯಲ್ಲಿ ಎರಡೇ ಗುರುತು ಇದ್ದವು, ಅಪ್ಪನದೊಂದು, ಮಗನದೊಂದು. ಅಣ್ಣಾಸಾಬ ಒಂದೊಂದೇ ಮರಿ ಹಿಡಿದು ಗುರುತು ಹಾಕಿ ಅರಿಶಿಣ ಹಚ್ಚುತ್ತಿದ್ದ. ಕೊನೆಗೆ ಒಂದು ಕರಿ ಹೆಣ್ಣು ಮರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಹಳ ಯೋಚನೆ ಮಾಡಿ, ಕಿವಿಯ ಕೆಳಗಂಚಿಗೆ ಕತ್ತರಿ ಇಟ್ಟ. ಅದು ಅವನ ಗುರುತೂ ಅಲ್ಲ, ಮಾಳೇಶನದೂ ಅಲ್ಲ. ಅರಿಶಿಣ ಹಚ್ಚಿ, ಎದ್ದು ಬಂದು, ಮರಿಯನ್ನು ಉಜ್ವಲಾಳ ಉಡಿಗೆ ಹಾಕಿದ.

ಉಜ್ವಲಾ ಮರಿಯನ್ನು ಎದೆಗೆ ಒತ್ತಿಕೊಂಡು ಬಾಗಿ ಮಾವನ ಕಾಲು ಮುಟ್ಟಿದಳು.

ಸಾವಿತ್ರೆವ್ವ ಕಟ್ಟೆಯ ಮೇಲಿಂದ ನೋಡುತ್ತಿದ್ದಳು. "ಹೌದಪ್ಪಾ ಹೌದು. ಸೊಸಿಗಿ ಗುರುತ ಬಂತು. ನಾ ಈ ಮನಿ ತುಂಬಿ ನಲವತ್ತ ವರ್ಷಾತು, ಹಿಂಡಿ ಹಾಕಿ ಹಾಕಿ ಕೈ ಸವದು ಹ್ವಾದ್ವು. ನನಗೊಂದ ಗುರುತ ಹಾಕಬೇಕಂತ ಈ ಮುದುಕಗ ಒಂದ ದಿನಾ ನೆನಪಾಗಲಿಲ್ಲ."

ನಗುತ್ತಲೇ ಅಂದಳು, ಆದರೆ ಕೊನೆಯ ಮಾತಿನ ಹೊತ್ತಿಗೆ ನಗು ಇರಲಿಲ್ಲ. ಅಣ್ಣಾಸಾಬ ಕತ್ತರಿ ಹಿಡಿದುಕೊಂಡೇ ತಿರುಗಿ ದೊಡ್ಡಿಯೊಳಗೆ ಹೋದ. ಹೊರಗೆ ಬಂದಾಗ ಅವನ ಕೈಯಲ್ಲಿ ಮರಿ ಇರಲಿಲ್ಲ, ಕರಿಬೋಳಿಯನ್ನೇ ಹಿಡಿದುಕೊಂಡು ಸಾವಿತ್ರೆವ್ವ ಕೂತ ಕಟ್ಟೆಯ ಕಡೆಗೆ ಬರುತ್ತಿದ್ದ.